ಹಳಿಗೆ ಮೊದಲು ಬೀದಿ

(ಮಹಾಲಕ್ಷ್ಮಿ ಲೇಔಟ್‌ನ ನಿವಾಸಿಗಳು ಸೇರಿದ್ದ ಭಾನುವಾರದ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನನ್ನನ್ನು ಇಲ್ಲಿಗೆ ಕರೆದವರು ವಿಷಯವನ್ನೂ ತಾವೇ ಕೊಟ್ಟಿದ್ದಾರೆ. ‘ಬೆಳೆಯುತ್ತಿರುವ ನಮ್ಮ ಊರಿಗೆ ಟ್ರಾಮ್ ಬೇಕೆ? ಬೇಕಾದರೆ ಅದನ್ನು ಬಾಳಿಕೆ ಬರುವಂತೆ ಕಟ್ಟುವುದು ಹೇಗೆ?’ ಎಂಬುದು ಪ್ರಶ್ನೆ. ನಾನು ಎಂಜಿನಿಯರ್ ಅಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರಿಕೆಯಲ್ಲಿ ನಾಲ್ಕು ವರ್ಷ ಕಳೆದಿದ್ದೇನೆ, ಅಷ್ಟೆ. ಆದರೆ ಈ ಬಡಾವಣೆಯಲ್ಲೇ ಹುಟ್ಟಿ ಬೆಳೆದ ನನಗೆ ಇಲ್ಲಿನ ಏರು, ಇಳಿಜಾರು, ಒಡೆದ ಪಾದಚಾರಿ ಕಲ್ಲುಗಳ ಪರಿಚಯ ಚೆನ್ನಾಗಿದೆ. ಆ ಒಂದು ಅರ್ಹತೆಯ ಮೇಲೆ ನಾಲ್ಕು ಮಾತು ಆಡುತ್ತೇನೆ.

ಮೊದಲು ಟ್ರಾಮ್ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ರೈಲಿನಂತೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳಿಸುತ್ತಾ, ಬಸ್ಸಿನಂತೆ ಬೀದಿಯಲ್ಲೇ ಓಡುವ ವಾಹನ ಅದು. ಉಕ್ಕಿನ ಮೇಲೆ ಉಕ್ಕು ಉರುಳುವಾಗ ಎದುರಾಗುವ ತಡೆ ಡಾಂಬರಿನ ಮೇಲೆ ರಬ್ಬರ್ ಟೈರು ಉರುಳುವಾಗ ಇರುವುದಕ್ಕಿಂತ ಹಲವು ಪಟ್ಟು ಕಡಿಮೆ. ಆದ್ದರಿಂದ ಅಷ್ಟೇ ಜನರನ್ನು ಒಯ್ಯಲು ಕಡಿಮೆ ಶಕ್ತಿ ಸಾಕು. ವಿದ್ಯುತ್ ತಂತಿಯಿಂದ ನೇರವಾಗಿ ಬರುವುದರಿಂದ ಹೊಗೆಯಿಲ್ಲ, ಭಾರವಾದ ಬ್ಯಾಟರಿ ಹೊರಬೇಕಾಗಿಲ್ಲ. ಚೆನ್ನಾಗಿ ನೋಡಿಕೊಂಡರೆ ಒಂದು ಟ್ರಾಮ್ ಗಾಡಿ ಮೂವತ್ತು ವರ್ಷಕ್ಕೂ ಮೇಲೆ ಓಡುತ್ತದೆ. ಇಂದಿನ ಹೊಸ ಗಾಡಿಗಳ ನೆಲ ತಗ್ಗಿನಲ್ಲಿದ್ದು, ನಿಲ್ದಾಣದ ಕಟ್ಟೆಗೆ ಸಮವಾಗಿ ನಿಲ್ಲುತ್ತವೆ. ಮೆಟ್ಟಿಲು ಹತ್ತುವ ಗೊಡವೆಯಿಲ್ಲ, ಲಿಫ್ಟ್ ಹುಡುಕುವ ಕಷ್ಟವಿಲ್ಲ. ಅಜ್ಜಿಯಂದಿರಿಗೂ ಮಗುವನ್ನು ಎತ್ತಿಕೊಂಡ ತಾಯಂದಿರಿಗೂ ಇದರ ಬೆಲೆ ಗೊತ್ತು.

ಇಷ್ಟೆಲ್ಲ ಗುಣವಿರುವ ವಾಹನ ನಮ್ಮ ದೇಶದಿಂದ ಏಕೆ ಮಾಯವಾಯಿತು?

ಬಂದ ದಾರಿ, ಹೋದ ದಾರಿ

ಕೋಲ್ಕತ್ತದಲ್ಲಿ ಕುದುರೆ ಎಳೆಯುವ ಟ್ರಾಮ್ ಮೊದಲು ಓಡಿದ್ದು 1873ರ ಫೆಬ್ರವರಿ 24ರಂದು. ದೂರ ನಾಲ್ಕು ಕಿಲೋಮೀಟರ್‌ಗೂ ಕಡಿಮೆ. ಜನ ಸಾಕಷ್ಟು ಬರಲಿಲ್ಲವೆಂದು ಅದೇ ವರ್ಷ ನಿಂತೂ ಹೋಯಿತು. 1880ರಲ್ಲಿ ಮತ್ತೆ ಆರಂಭವಾಗಿ, 1902ರಲ್ಲಿ ವಿದ್ಯುತ್ ಟ್ರಾಮ್ ಬಂದಿತು. ಮುಂಬಯಿಯಲ್ಲಿ 1874ರಲ್ಲಿ ಕುದುರೆ ಟ್ರಾಮ್, 1907ರಲ್ಲಿ ವಿದ್ಯುತ್ ಟ್ರಾಮ್. ಸ್ವಾರಸ್ಯವೆಂದರೆ, ಭಾರತದಲ್ಲಿ ವಿದ್ಯುತ್ ಟ್ರಾಮನ್ನು ಮೊದಲು ಕಂಡದ್ದು ನಮ್ಮ ನೆರೆಯ ಮದರಾಸು, 1895ರಲ್ಲಿ. ಕಾನ್ಪುರ, ದೆಹಲಿಗಳಲ್ಲೂ ಟ್ರಾಮ್ ಇತ್ತು. ನಂತರ ಒಂದೊಂದಾಗಿ ಮುಚ್ಚಿದವು. ಕಾನ್ಪುರದಲ್ಲಿ 1933, ಮದರಾಸಿನಲ್ಲಿ 1953, ದೆಹಲಿಯಲ್ಲಿ 1963, ಮುಂಬಯಿಯಲ್ಲಿ 1964. ಕೋಲ್ಕತ್ತ ಮಾತ್ರ ಉಳಿಸಿಕೊಂಡಿತ್ತು. 2024ರಲ್ಲಿ ಅಲ್ಲಿನ ಸರಕಾರವೂ ಮೈದಾನದ ಪಕ್ಕದ ಒಂದು ಪಾರಂಪರಿಕ ಮಾರ್ಗ ಬಿಟ್ಟು ಉಳಿದುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ಕೋಲ್ಕತ್ತದ ಕತೆಯಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಅಲ್ಲಿ ಹಲವು ಕಡೆ ಟ್ರಾಮ್‌ಗೆಂದೇ ರಸ್ತೆಯ ನಡುವೆ ಪ್ರತ್ಯೇಕ ಜಾಗವಿತ್ತು. ಕಾಲಕ್ರಮೇಣ ಆ ಜಾಗಕ್ಕೆ ಕಾಂಕ್ರೀಟ್ ಹಾಕಿ, ಹಳಿಯ ಮೇಲೆ ಕಾರು, ಟ್ಯಾಕ್ಸಿಗಳೂ ಓಡುವಂತೆ ಬಿಟ್ಟರು. ಅಲ್ಲಿಂದ ಟ್ರಾಮ್ ಮುಂದಿನ ಕಾರಿನ ವೇಗದಲ್ಲಿ ತೆವಳತೊಡಗಿತು. ಬಸ್ಸಾದರೆ ಪಕ್ಕಕ್ಕೆ ತಿರುಗಿ ಮುಂದೆ ಹೋದೀತು, ಹಳಿಯ ಮೇಲಿನ ಗಾಡಿಗೆ ಆ ಭಾಗ್ಯವಿಲ್ಲ. ತಡವಾದಾಗ ಜನ ಬಿಟ್ಟರು. ಜನ ಬಿಟ್ಟಾಗ ‘ಟ್ರಾಮ್ ಯಾರಿಗೂ ಬೇಡ’ ಎಂಬ ಮಾತು ಹುಟ್ಟಿತು. ಜಾಗವನ್ನು ಕಿತ್ತುಕೊಂಡ ಮೇಲೆ ಗಾಡಿಯನ್ನು ದೂರಿದಂತಾಯಿತು.

ಇನ್ನು ಬೆಂಗಳೂರಿಗೆ ಬರೋಣ. ಬೆಂಗಳೂರಿನ ಬೀದಿಯಲ್ಲಿ ಟ್ರಾಮ್ ಓಡಲೇ ಇಲ್ಲ. ವಿದ್ಯುತ್ ಇರಲಿಲ್ಲವೆನ್ನುವಂತಿಲ್ಲ. ಶಿವನಸಮುದ್ರದಿಂದ ಬಂದ ವಿದ್ಯುತ್ತಿನಲ್ಲಿ 1905ರಲ್ಲೇ ನಮ್ಮ ಬೀದಿದೀಪಗಳು ಬೆಳಗಿದವು. ಆದರೆ ಆಗಿನ ಬೆಂಗಳೂರು ಒಂದೂರಲ್ಲ, ಎರಡೂರು. ಪೇಟೆ ಮೈಸೂರು ಸಂಸ್ಥಾನದ ಆಡಳಿತದಲ್ಲಿ, ದಂಡು ಬ್ರಿಟಿಷರ ಕೈಯಲ್ಲಿ. 1901ರಲ್ಲಿ ಎರಡೂ ಸೇರಿ ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ ಜನ. ನಡೆದೇ ಮುಗಿಸಬಹುದಾದ ಊರಿಗೆ ಹಳಿ ಹಾಕುವ ತುರ್ತು ಯಾರಿಗೂ ಕಂಡಿರಲಾರದು.

ಆದರೂ ನಮ್ಮ ಪಕ್ಕದಲ್ಲೇ ಒಂದು ಪುಟ್ಟ ಹಳಿ ಇತ್ತು ಎಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಒಂದು ಶತಮಾನಕ್ಕೂ ಹಿಂದೆ ಯಶವಂತಪುರದಿಂದ ದೇವನಹಳ್ಳಿಗೆ, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಕಿರುಹಳಿ ಹಾಕಿ ಲಘು ರೈಲು ಓಡಿಸಿದ್ದರು. ಮಲೆನಾಡಿನಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇನ್ನೂ ಕಿರಿದಾದ, ಎರಡೇ ಅಡಿಯ ಹಳಿಯಿತ್ತು. ದೊಡ್ಡ ರೈಲಿಗೆ ಹಣವಿಲ್ಲದಲ್ಲಿ ಸಣ್ಣ ರೈಲು ಕಟ್ಟುವ ಬುದ್ಧಿ ನಮ್ಮ ಹಿಂದಿನವರಿಗೆ ಇತ್ತು ಎಂಬುದಕ್ಕೆ ಇವು ಸಾಕ್ಷಿ.

ನಗರದೊಳಗಿನ ಓಡಾಟವನ್ನು ಮಾತ್ರ ಬಸ್ಸೇ ಹೊತ್ತುಕೊಂಡಿತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಹುಟ್ಟಿತು, 1956ರಲ್ಲಿ ಅದನ್ನು ಸರಕಾರ ವಹಿಸಿಕೊಂಡಿತು. ಬಿಟಿಎಸ್ ಎಂದರೆ ‘ಬಿಟ್ಟರೆ ತಿರುಗಿ ಸಿಗದು’ ಎಂದು ನಮ್ಮ ತಂದೆಯ ತಲೆಮಾರಿನವರು ನಗುತ್ತಿದ್ದರು. ನಗುತ್ತಲೇ ಅದರಲ್ಲೇ ಕಾರ್ಖಾನೆಗೆ, ಕಾಲೇಜಿಗೆ ಹೋಗಿ ಬಂದರು. 1997ರಲ್ಲಿ ಅದೇ ಸಂಸ್ಥೆ ಬಿಎಂಟಿಸಿ ಆಯಿತು.

ಕಂಬದ ಮೇಲಿನ ಕನಸು

ನಮ್ಮ ಊರಿಗೆ ಟ್ರಾಮ್‌ನ ಹತ್ತಿರದ ನೆಂಟ ಬರುವ ಮಾತು ಒಮ್ಮೆ ಬಲವಾಗಿಯೇ ಕೇಳಿಬಂದಿತ್ತು. 1994ರಲ್ಲಿ ರಾಜ್ಯ ಸರಕಾರ ಬೆಂಗಳೂರು ಮಾಸ್ ರ‍್ಯಾಪಿಡ್ ಟ್ರಾನ್ಸಿಟ್ ಲಿಮಿಟೆಡ್ ಎಂಬ ಕಂಪನಿ ಸ್ಥಾಪಿಸಿತು. ಖಾಸಗಿಯವರ ಪಾಲುದಾರಿಕೆಯಲ್ಲಿ ‘ಎತ್ತರಿಸಿದ ಲಘು ರೈಲು’ ಕಟ್ಟುವುದು ಯೋಜನೆ. ಯುಬಿ ಸಮೂಹದ ನೇತೃತ್ವದ ಒಕ್ಕೂಟ ಮುಂದೆ ಬಂದಿತ್ತು. ವರ್ಷಗಳು ಉರುಳಿದವು, ಒಂದು ಕಂಬವೂ ಏಳಲಿಲ್ಲ. ಕೊನೆಗೆ ಲಘು ರೈಲಿನ ಯೋಚನೆ ಬಿಟ್ಟು, ದೆಹಲಿ ಮೆಟ್ರೋ ನಿಗಮದಿಂದ 2003ರಲ್ಲಿ ಪೂರ್ಣ ಪ್ರಮಾಣದ ಮೆಟ್ರೋಗೆ ವರದಿ ಸಿದ್ಧಪಡಿಸಲಾಯಿತು. 2006ರ ಜೂನ್ 24ರಂದು ಪ್ರಧಾನಿ ಮನಮೋಹನ ಸಿಂಗ್ ಶಂಕುಸ್ಥಾಪನೆ ಮಾಡಿದರು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಮೊದಲ ರೈಲು ಓಡಿತು.

ನಮ್ಮ ಕಡೆಗೆ ಮೆಟ್ರೋ ಬಂದದ್ದು 2014ರ ಮಾರ್ಚ್ 1ರಂದು. ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗಿನ ಆ ಮಾರ್ಗದಲ್ಲಿ ನಮ್ಮ ಹೆಸರಿನ ನಿಲ್ದಾಣವೂ ಇತ್ತು: ಮಹಾಲಕ್ಷ್ಮಿ. ಅಂದು ನಾನು ಶಾಲಾ ವಿದ್ಯಾರ್ಥಿ. ಇಸ್ಕಾನ್ ಗುಡ್ಡದ ಗೋಪುರ ರೈಲಿನ ಕಿಟಕಿಗೆ ಸಮನಾಗಿ ಹಾದುಹೋದದ್ದನ್ನು ಕಂಡು ಬೆರಗಾದದ್ದು ಇನ್ನೂ ನೆನಪಿದೆ. ಮೆಟ್ರೋ ನಮಗೆ ಮಾಡಿದ ಉಪಕಾರ ಸಣ್ಣದಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾದ ಮರುದಿನ ಒಂದೇ ದಿನದ ಪ್ರಯಾಣಿಕರ ಸಂಖ್ಯೆ 10 ಲಕ್ಷ ದಾಟಿತು. ಮೂರನೇ ಹಂತದಲ್ಲಿ ಹೊರವರ್ತುಲ ರಸ್ತೆಯ ಪಶ್ಚಿಮ ಭಾಗದಲ್ಲಿ ಜೆ.ಪಿ. ನಗರದಿಂದ ಕೆಂಪಾಪುರಕ್ಕೆ, ಮಾಗಡಿ ರಸ್ತೆಯಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ ಮಾರ್ಗಗಳು ಬರಲಿವೆ. ಕಂಠೀರವ ಸ್ಟುಡಿಯೋ ಬಳಿಯೂ ಒಂದು ನಿಲ್ದಾಣ ಯೋಜನೆಯಲ್ಲಿದೆ.

ಈಗ ಲೆಕ್ಕ ನೋಡಿ. ಮೂರನೇ ಹಂತದ ಉದ್ದ 44.65 ಕಿಲೋಮೀಟರ್. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಅಂದಾಜು ವೆಚ್ಚ 15,611 ಕೋಟಿ ರೂಪಾಯಿ. ಕಿಲೋಮೀಟರಿಗೆ ಸರಾಸರಿ 350 ಕೋಟಿ. ಎಷ್ಟೇ ಶ್ರೀಮಂತ ಊರಾದರೂ ಈ ಬೆಲೆಗೆ ಪ್ರತಿ ಬಡಾವಣೆಯ ಒಳಗೂ ಮೆಟ್ರೋ ತರಲಾಗದು. ಮೆಟ್ರೋ ಮರದ ಕಾಂಡವಿದ್ದಂತೆ. ಕೊಂಬೆಗಳನ್ನು ಬೇರೆ ಯಾವುದರಿಂದಲಾದರೂ ಕಟ್ಟಬೇಕು. ಕೇಂದ್ರ ಸರಕಾರವೂ ಇದನ್ನು ಒಪ್ಪಿ, ಕಡಿಮೆ ಜನಸಂದಣಿಯ ಮಾರ್ಗಗಳಿಗಾಗಿ 2019ರಲ್ಲಿ ‘ಮೆಟ್ರೋಲೈಟ್’ ಎಂಬ ಹೆಸರಿನಲ್ಲಿ ಲಘು ರೈಲಿನ ಮಾನದಂಡ ಪ್ರಕಟಿಸಿತು. ಅದು ಹೆಚ್ಚೂಕಡಿಮೆ ಟ್ರಾಮೇ.

ಒಂದು ಮಾತನ್ನು ಇಲ್ಲಿ ಗುರುತು ಹಾಕಿಕೊಳ್ಳಿ. 1994ರ ಲಘು ರೈಲು ಕಂಬದ ಮೇಲಿತ್ತು. ಮೆಟ್ರೋ ಕಂಬದ ಮೇಲೆ ಇಲ್ಲವೇ ಸುರಂಗದಲ್ಲಿ. ಕಾರಿಗಾಗಿ ಮೇಲ್ಸೇತುವೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಈಗ ಸುರಂಗ ರಸ್ತೆಯ ಪ್ರಸ್ತಾಪ. ಮೂವತ್ತು ವರ್ಷಗಳಿಂದ ನಾವು ಮೇಲೆ ನೋಡಿದ್ದೇವೆ, ಕೆಳಗೆ ಅಗೆದಿದ್ದೇವೆ. ನೆಲದ ಮೇಲಿನ ಬೀದಿ ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಮುಟ್ಟಿಲ್ಲ. ಟ್ರಾಮ್ ಆ ಪ್ರಶ್ನೆಯನ್ನು ಕೇಳದೆ ಬರಲಾರದು.

ಸ್ಟ್ರಾಸ್‌ಬರ್ಗ್ ಗೆದ್ದದ್ದು, ಎಡಿನ್‌ಬರೊ ಎಡವಿದ್ದು

ಈ ಪ್ರಶ್ನೆಯನ್ನು ಎದುರಿಸಿದ ಊರುಗಳ ಕತೆ ಕೇಳಿ. ಫ್ರಾನ್ಸಿನ ನಾಂತ್ ನಗರ 1958ರಲ್ಲಿ ತನ್ನ ಹಳೆಯ ಟ್ರಾಮನ್ನು ಮುಚ್ಚಿತ್ತು. 1985ರಲ್ಲಿ ಹೊಸದನ್ನು ಕಟ್ಟಿ ಇಡೀ ದೇಶಕ್ಕೆ ದಾರಿ ತೋರಿಸಿತು. ಆದರೆ ಅದನ್ನು ಆರಂಭಿಸಿದ ಮೇಯರ್ 1983ರ ಚುನಾವಣೆಯಲ್ಲಿ ಸೋತಿದ್ದರು. ಬೀದಿ ಅಗೆದವರಿಗೆ ಓಟು ಕಡಿಮೆ. ಗಾಡಿ ಓಡಿದ ಮೇಲೆ ಮುಂದಿನ ಮಾರ್ಗಗಳಿಗೆ ಅದೇ ಊರು ಬೆನ್ನು ತಟ್ಟಿತು.

ಸ್ಟ್ರಾಸ್‌ಬರ್ಗ್‌ನ ಕತೆ ನಮಗೆ ಇನ್ನೂ ಹತ್ತಿರ. ಅಲ್ಲಿ 1989ರ ಚುನಾವಣೆಯಲ್ಲಿ ಚರ್ಚೆಯಾದದ್ದೇ ಇದು: ನೆಲದಡಿಯ ಸ್ವಯಂಚಾಲಿತ ಮೆಟ್ರೋ ಬೇಕೋ, ನೆಲದ ಮೇಲಿನ ಟ್ರಾಮ್ ಬೇಕೋ? ಮೆಟ್ರೋ ಬಂದರೆ ಮೇಲಿನ ರಸ್ತೆ ಕಾರುಗಳಿಗೇ ಉಳಿಯುತ್ತಿತ್ತು. ಟ್ರಾಮ್ ಪರ ನಿಂತ ಕ್ಯಾಥರೀನ್ ಟ್ರಾಟ್‌ಮನ್ ಗೆದ್ದು ಮೇಯರ್ ಆದರು. ಕಾರುಗಳಿಂದ ತುಂಬಿದ್ದ ಊರ ನಡುವಿನ ಚೌಕವನ್ನು ಮೊದಲು ನಡೆಯುವವರಿಗೆ ಬಿಟ್ಟುಕೊಟ್ಟರು. ವ್ಯಾಪಾರಿಗಳು ಗದ್ದಲವೆಬ್ಬಿಸಿದರು. 1994ರ ನವೆಂಬರ್‌ನಲ್ಲಿ ಟ್ರಾಮ್ ಓಡಿತು. ನಮ್ಮಲ್ಲಿ ಲಘು ರೈಲಿನ ಕಂಪನಿ ಹುಟ್ಟಿದ್ದೂ ಅದೇ ವರ್ಷ ಎಂಬುದನ್ನು ನೆನಪಿಡಿ. ಹಣದ ವಿಷಯದಲ್ಲೂ ಫ್ರಾನ್ಸಿನವರಿಗೆ ಒಂದು ಆಧಾರವಿತ್ತು. ನಗರ ಸಾರಿಗೆಗಾಗಿ ಉದ್ಯೋಗದಾತರಿಂದ ಸಂಬಳದ ಮೊತ್ತದ ಮೇಲೆ ತೆರಿಗೆ ಪಡೆಯುವ ಪದ್ಧತಿ ಅಲ್ಲಿ 1970ರ ದಶಕದಿಂದಲೇ ಇದೆ. ಟಿಕೆಟ್ ಹಣವೊಂದನ್ನೇ ನಂಬಿ ಅವರು ಟ್ರಾಮ್ ಕಟ್ಟಲಿಲ್ಲ.

ಎಡವಿದ ಊರೂ ಇದೆ. ಸ್ಕಾಟ್ಲೆಂಡಿನ ಎಡಿನ್‌ಬರೊ 14 ಕಿಲೋಮೀಟರ್ ಟ್ರಾಮ್ ಕಟ್ಟಿ 2014ರ ಮೇ 31ರಂದು ಆರಂಭಿಸಿತು. ವರ್ಷಗಳಷ್ಟು ತಡ, ಯೋಜಿಸಿದ್ದಕ್ಕಿಂತ ಕಡಿಮೆ ಉದ್ದ, ಖರ್ಚು 77 ಕೋಟಿ ಪೌಂಡಿಗೂ ಮೇಲೆ. ಕಾರಣಗಳಲ್ಲಿ ಒಂದು ನಮಗೆ ಚಿರಪರಿಚಿತ: ರಸ್ತೆಯ ಕೆಳಗೆ ಏನೇನಿದೆ ಎಂಬುದು ಸರಿಯಾಗಿ ಗೊತ್ತಿರಲಿಲ್ಲ. ಹಳಿಯ ಅಡಿಯಲ್ಲಿ ನೀರಿನ ಕೊಳವೆ ಇರಿಸುವಂತಿಲ್ಲ. ಒಡೆದರೆ ದುರಸ್ತಿಗಾಗಿ ಟ್ರಾಮನ್ನೇ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಕೊಳವೆ, ಕೇಬಲ್, ಒಳಚರಂಡಿಗಳನ್ನೆಲ್ಲ ಮೊದಲು ಪಕ್ಕಕ್ಕೆ ಸರಿಸಬೇಕು. ಅಲ್ಲಿ ಅಗೆದಷ್ಟೂ ಹೊಸ ಕೊಳವೆ ಸಿಕ್ಕವು, ಗುತ್ತಿಗೆದಾರರಿಗೂ ನಗರಕ್ಕೂ ವ್ಯಾಜ್ಯ ಹತ್ತಿತು. ಏನು ತಪ್ಪಿತು ಎಂದು ತನಿಖೆ ಮಾಡಿದ ಆಯೋಗದ ವರದಿ ಬಂದದ್ದು 2023ರಲ್ಲಿ. ಆದರೂ ಅದೇ ವರ್ಷ ಆ ಊರು ತನ್ನ ಟ್ರಾಮನ್ನು ಇನ್ನಷ್ಟು ದೂರ ವಿಸ್ತರಿಸಿತು.

ನಮ್ಮ ನಲವತ್ತಡಿ ರಸ್ತೆ

ಈಗ ನಮ್ಮ ಬೀದಿಗೆ ಇಳಿಯೋಣ. ನಲವತ್ತಡಿ ರಸ್ತೆ ಎಂದರೆ ಸುಮಾರು 12 ಮೀಟರ್. ಹೋಗಿಬರುವ ಎರಡು ಹಳಿಗೆ ಏಳು ಮೀಟರ್ ಬೇಕು. ಉಳಿದ ಐದು ಮೀಟರನ್ನು ಎರಡೂ ಬದಿಯ ಪಾದಚಾರಿ ದಾರಿಗೆ ಕೊಟ್ಟರೆ ಮುಗಿಯಿತು. ಕಾರು ನಿಲ್ಲಿಸಲು ಅಂಗೈಯಗಲ ಜಾಗ ಉಳಿಯದು. ಜೊತೆಗೆ ನಮ್ಮದು ಗುಡ್ಡದ ಬಡಾವಣೆ. ಆಂಜನೇಯನ ಗುಡಿಯ ಬಂಡೆಯ ಸುತ್ತ ರಸ್ತೆಗಳು ಏರುತ್ತವೆ, ಇಳಿಯುತ್ತವೆ. ಉಕ್ಕಿನ ಚಕ್ರ ಸಲೀಸಾಗಿ ಉರುಳುತ್ತದೆ, ಅಷ್ಟೇ ಸಲೀಸಾಗಿ ಜಾರುತ್ತದೆ ಕೂಡ. ನೂರು ಅಡಿ ಸಾಗುವಲ್ಲಿ ಏಳೆಂಟು ಅಡಿಗಿಂತ ಹೆಚ್ಚು ಏರುವ ದಾರಿ ಸಾಮಾನ್ಯ ಟ್ರಾಮ್‌ಗೆ ಕಷ್ಟ. ಆದ್ದರಿಂದ ಒಳರಸ್ತೆಗಳಿಗೆ ಟ್ರಾಮ್ ತರುತ್ತೇವೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಅದಕ್ಕೆ ತಕ್ಕ ಜಾಗ ಕಾರ್ಡ್ ರಸ್ತೆಯಂಥ, ಹೊರವರ್ತುಲ ರಸ್ತೆಯಂಥ ಅಗಲವಾದ, ಸಮತಟ್ಟಾದ ದಾರಿಗಳು. ಒಳಗಿನ ಏರುಗಳಿಗೆ ಚಿಕ್ಕ ವಿದ್ಯುತ್ ಬಸ್ಸೇ ಸರಿ.

ಅಗಲ ರಸ್ತೆಯಲ್ಲಾದರೂ ಟ್ರಾಮ್‌ಗೆ ಒಂದು ಸಾಲನ್ನು ಪೂರ್ತಿ ಬಿಟ್ಟುಕೊಡಬೇಕು. ಅದು ನ್ಯಾಯವೇ? ಲೆಕ್ಕ ಹಾಕಿ. ಇನ್ನೂರು ಜನರನ್ನು ಹೊತ್ತ ಟ್ರಾಮ್ ಮೂರು ನಿಮಿಷಕ್ಕೊಂದು ಬಂದರೆ ಗಂಟೆಗೆ 20 ಗಾಡಿ, 4,000 ಜನ. ಅದೇ ಸಾಲಿನಲ್ಲಿ ಸಿಗ್ನಲ್‌ಗಳ ನಡುವೆ ಗಂಟೆಗೆ 800 ಕಾರು ಸಾಗಿದವೆನ್ನೋಣ. ಕಾರಿಗೆ ಒಂದೂವರೆ ಜನರಂತೆ 1,200 ಜನ. ಜಾಗ ಅಷ್ಟೇ, ಸಾಗಿದವರು ಮೂರು ಪಟ್ಟಿಗೂ ಹೆಚ್ಚು. ನಗರದಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿರುವಾಗ ಈ ಲೆಕ್ಕವನ್ನು ಬಹಳ ಕಾಲ ಮುಂದೂಡಲಾಗದು.

ಆದರೆ ಲೆಕ್ಕ ಗೆದ್ದ ಮಾತ್ರಕ್ಕೆ ಬೀದಿ ಗೆದ್ದಂತಲ್ಲ. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಸಾಲನ್ನು ಗುರುತಿಸಿದ್ದರು. ಗೂಟಗಳನ್ನು ನೆಟ್ಟರು, ಬಸ್ಸುಗಳು ಬೇಗ ಸಾಗಿದವು. ಕೋವಿಡ್ ಬಂತು, ಮೆಟ್ರೋ ಕಾಮಗಾರಿ ಬಂತು, ಗೂಟಗಳು ಹೋದವು, ಸಾಲೂ ಹೋಯಿತು. ಅದಕ್ಕಾಗಿ ಊರು ಬೀದಿಗಿಳಿದದ್ದನ್ನು ನಾನು ಕಾಣಲಿಲ್ಲ. ಬಣ್ಣ ಬಳಿದು, ಗೂಟ ನೆಟ್ಟರೆ ಮುಗಿಯುವ ಬಸ್ ಸಾಲನ್ನೇ ಉಳಿಸಿಕೊಳ್ಳಲಾಗದ ಊರು ನೂರಾರು ಕೋಟಿಯ ಹಳಿಯನ್ನು ಉಳಿಸಿಕೊಂಡೀತೆ? ಇದೇ ನನ್ನ ಭಾಷಣದ ತಿರುಳು. ಬಾಳಿಕೆ ಬರುವ ಟ್ರಾಮ್ ಕಟ್ಟುವ ಮೊದಲ ಹೆಜ್ಜೆ ಹಳಿಯಲ್ಲ, ಬೀದಿಯ ಮರುಹಂಚಿಕೆ. ಆ ಹೆಜ್ಜೆಯನ್ನು ಬಸ್ಸಿನಿಂದ, ನಡೆಯುವವರಿಂದ ಇಂದೇ ಇಡಬಹುದು. ಪ್ರತ್ಯೇಕ ಸಾಲಿನಲ್ಲಿ ಹತ್ತು ವರ್ಷ ಬಸ್ ಓಡಿ, ಅದು ತುಂಬಿ ತುಳುಕಿದರೆ, ಅಲ್ಲಿ ಹಳಿ ಹಾಕಲು ಧೈರ್ಯವಾಗಿ ಮುಂದಾಗಬಹುದು. 2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಐದು ಪಾಲಿಕೆಗಳಾಗಿವೆ. ಮುಂದೆ ಮತ ಕೇಳಲು ಬರುವವರನ್ನು ‘ಮೇಲ್ಸೇತುವೆ ಯಾವಾಗ?’ ಎಂದು ಕೇಳುವ ಬದಲು ‘ಬಸ್ಸಿನ ಸಾಲು ಎಲ್ಲಿ?’ ಎಂದು ಕೇಳಿ ನೋಡೋಣ.

ಕೊನೆಯದಾಗಿ ನನ್ನ ಮನೆಯ ಮಾತು. ನಮ್ಮಜ್ಜಿಯ ತಂಗಿ ಮಲ್ಲೇಶ್ವರದಲ್ಲಿದ್ದರು. ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್ ಆದೀತು. ಮಹಾಲಕ್ಷ್ಮಿ ನಿಲ್ದಾಣದಿಂದ ಸಂಪಿಗೆ ರಸ್ತೆ ನಾಲ್ಕನೆಯ ನಿಲ್ದಾಣ. ಹತ್ತು ನಿಮಿಷದ ದಾರಿ. ರೈಲಿನಲ್ಲಿ ಅಜ್ಜಿಗೆ ಯಾವ ತೊಂದರೆಯೂ ಇರಲಿಲ್ಲ. ತೊಂದರೆ ಇದ್ದದ್ದು ಮನೆಯಿಂದ ನಿಲ್ದಾಣದವರೆಗಿನ ದಾರಿಯಲ್ಲಿ. ಪಾದಚಾರಿ ಕಟ್ಟೆಯ ಮೇಲೆ ಬೈಕು, ಅದರ ಪಕ್ಕ ಕಾರು, ಉಳಿದ ಜಾಗದಲ್ಲಿ ಓಡುವ ವಾಹನ. ಅಷ್ಟು ಹತ್ತಿರಕ್ಕೆ ಆಟೊ ಬಾರದು. ಒಮ್ಮೆ ಕಾಲು ಉಳುಕಿದ ಮೇಲೆ ಅಜ್ಜಿ ಹೊರಡುವುದನ್ನು ಬಿಟ್ಟರು. ‘ಮುಂದಿನ ವಾರ ನೋಡೋಣ’ ಎನ್ನುತ್ತಿದ್ದರು. ಹಾಗೆಯೇ ಎರಡು ವರ್ಷ ಕಳೆಯಿತು. ಕಳೆದ ವರ್ಷ ತಂಗಿ ತೀರಿಕೊಂಡಾಗ ಅಜ್ಜಿಯನ್ನು ಕಾರಿನಲ್ಲಿ ಕರೆದೊಯ್ದೆವು.

ಆ ಕಾರು ನಮ್ಮದೇ. ದಿನವೂ ಅದು ನಿಲ್ಲುವುದು ನಮ್ಮ ಮನೆ ಮುಂದಿನ ರಸ್ತೆಯಲ್ಲಿ, ಅಜ್ಜಿ ನಡೆಯಬೇಕಿದ್ದ ಜಾಗದಲ್ಲಿ. ಯಾವ ಇಲಾಖೆಯನ್ನೂ ದೂರುವ ಮುನ್ನ ನನಗೆ ಇದನ್ನು ಹೇಳಬೇಕೆನಿಸಿತು. ಟ್ರಾಮ್ ಬರಲಿ, ಬಸ್ ಬರಲಿ, ಅದು ಮೊದಲು ಕೇಳುವುದು ಆ ಜಾಗವನ್ನೇ. ಅದನ್ನು ಬಿಟ್ಟುಕೊಡುವ ವಿಷಯ ಕಳೆದ ತಿಂಗಳಿನಿಂದ ನಮ್ಮ ಮನೆಯಲ್ಲಿ ಚರ್ಚೆಯಲ್ಲಿದೆ. ತಂದೆಯವರು ಇನ್ನೂ ಒಪ್ಪಿಲ್ಲ. ನಿಮ್ಮ ಮನೆಗಳಲ್ಲೂ ಆ ಚರ್ಚೆ ಆರಂಭವಾದರೆ ಈ ಭಾನುವಾರ ನಾವು ಸೇರಿದ್ದು ಸಾರ್ಥಕ.